ಥ್ರಾಟಲ್ ಸೆನ್ಸರ್: ಬದಲಿಸುವ ಮುನ್ನ ಅಳೆಯಿರಿ

ಸಿಗ್ನಲ್‌ನಲ್ಲಿ ನಿಂತ ಕಾರಿನ ಎಂಜಿನ್ ತಾನೇ ತಾನಾಗಿ ಏರಿಳಿಯುತ್ತದೆ. ಹೊರಡಲೆಂದು ಆಕ್ಸಿಲರೇಟರ್ ಒತ್ತಿದರೆ ಕ್ಷಣಕಾಲ ತಡವರಿಸಿ, ಆಮೇಲೆ ಜರ್ಕ್ ಹೊಡೆದು ಮುಂದಕ್ಕೆ ನುಗ್ಗುತ್ತದೆ. ಚೆಕ್ ಎಂಜಿನ್ ದೀಪ ಉರಿಯಬಹುದು, ಉರಿಯದೆಯೂ ಇರಬಹುದು. ಇಂಥ ಗಾಡಿ ಗ್ಯಾರೇಜಿಗೆ ಬಂದಾಗ ಅನುಮಾನ ಹೋಗುವ ಭಾಗಗಳಲ್ಲಿ ಒಂದು ಥ್ರಾಟಲ್ ಪೊಸಿಷನ್ ಸೆನ್ಸರ್. ಮೆಕ್ಯಾನಿಕ್‌ಗಳ ಬಾಯಲ್ಲಿ ಟಿಪಿಎಸ್. ಅನುಮಾನ ನಿಜವೇ ಎಂದು ತಿಳಿಯಲು ಒಂದು ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ ಸಾಕು. ಅಷ್ಟೂ ಮಾಡದೆ ಸೆನ್ಸರ್ ಬದಲಿಸಿದರೆ ದುಡ್ಡೂ ದಂಡ, ತೊಂದರೆಯೂ ಉಳಿದೀತು.

ಪೆಟ್ರೋಲ್ ಕಾರಿನ ಆಕ್ಸಿಲರೇಟರ್ ನೇರವಾಗಿ ಪೆಟ್ರೋಲನ್ನು ಹರಿಸುವುದಿಲ್ಲ, ಗಾಳಿಗೆ ದಾರಿ ಬಿಡುತ್ತದೆ. ಥ್ರಾಟಲ್ ಬಾಡಿಯೊಳಗಿನ ದುಂಡನೆಯ ತಟ್ಟೆ ತಿರುಗಿದಷ್ಟೂ ಎಂಜಿನ್ನಿಗೆ ಗಾಳಿ ಹೆಚ್ಚು ನುಗ್ಗುತ್ತದೆ. ಸಾಮಾನ್ಯವಾಗಿ 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಎಂಬ ಲೆಕ್ಕವನ್ನು ಕಾಯುವುದು ಇಸಿಯು ಎಂಬ ಕಂಪ್ಯೂಟರ್. ಬಂದ ಗಾಳಿ ಎಷ್ಟೆಂದು ಅದಕ್ಕೆ ತಿಳಿಸಲು ಬೇರೆ ಸೆನ್ಸರ್‌ಗಳಿವೆ. ತಟ್ಟೆ ಎಷ್ಟು ತೆರೆದಿದೆ, ಎಷ್ಟು ಬೇಗ ತೆರೆಯುತ್ತಿದೆ ಎಂಬುದನ್ನು ಹೇಳುವುದು ಟಿಪಿಎಸ್. ಥಟ್ಟನೆ ಪೆಡಲ್ ಒತ್ತಿದಾಗ ಕೊಂಚ ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ. ಆ ಸುದ್ದಿ ತಪ್ಪಾಗಿ ಮುಟ್ಟಿದರೆ ಪಿಕಪ್ ಕೈಕೊಡುತ್ತದೆ.

ಕೇಬಲ್‌ನಿಂದ ಥ್ರಾಟಲ್ ಎಳೆಯುವ ಹಳೆಯ ಕಾರುಗಳಲ್ಲಿ ಈ ಸೆನ್ಸರ್ ಒಂದು ಪೊಟೆನ್ಶಿಯೋಮೀಟರ್. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುವುದೂ ಇದೇ. ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಡ್ಡಿಯೊಂದು ಉಜ್ಜಿಕೊಂಡು ಓಡಾಡುತ್ತದೆ. ಪಟ್ಟಿ ಸವೆದ ಜಾಗದಲ್ಲಿ ರೇಡಿಯೋ ಕರಕರ ಎನ್ನುವಂತೆ ಇಲ್ಲಿ ವೋಲ್ಟೇಜ್ ಕಡಿದುಹೋಗುತ್ತದೆ. ಊರೊಳಗಿನ ಓಡಾಟದಲ್ಲಿ ಥ್ರಾಟಲ್ ಹೆಚ್ಚಿನ ಹೊತ್ತು ಸ್ವಲ್ಪವೇ ತೆರೆದಿರುವುದರಿಂದ ಸವೆತವೂ ಆ ಭಾಗದಲ್ಲೇ ಹೆಚ್ಚು. ಪೂರ್ತಿ ಒತ್ತಿದಾಗ ಚೆನ್ನಾಗಿ ಎಳೆಯುವ ಗಾಡಿ ನಿಧಾನವಾಗಿ ಹೋಗುವಾಗ ಕಾಡಲು ಇದೂ ಒಂದು ಕಾರಣ.

ಈಗ ಪರೀಕ್ಷೆ. ಸೆನ್ಸರಿಗೆ ಸಿಕ್ಕಿಸಿದ ಕಪ್ಲರಿನಲ್ಲಿ ಮೂರು ವೈರ್‌ಗಳಿವೆ: 5 ವೋಲ್ಟ್ ತರುವುದು, ಅರ್ತ್, ಸಿಗ್ನಲ್. ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಮೊದಲು 5 ವೋಲ್ಟ್ ಬರುತ್ತಿದೆಯೇ, ಅರ್ತ್ ಗಟ್ಟಿಯಾಗಿದೆಯೇ ನೋಡಬೇಕು. ಆಮೇಲೆ ಕಪ್ಲರನ್ನು ಕಳಚದೆ, ಅದರ ಹಿಂಬದಿಯಿಂದ ಸಿಗ್ನಲ್ ವೈರಿಗೆ ಮೀಟರ್ ತಾಗಿಸಿ, ಥ್ರಾಟಲನ್ನು ತೀರಾ ನಿಧಾನವಾಗಿ ತೆರೆಯಬೇಕು. ಮುಚ್ಚಿದಾಗ ಸುಮಾರು 0.5 ವೋಲ್ಟ್, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್, ಸರಿಯಾದ ಅಂಕಿ ಆಯಾ ಮಾಡೆಲ್ಲಿನ ಕೈಪಿಡಿಯಲ್ಲಿರುತ್ತದೆ. ಎರಡು ತುದಿಗಳ ಅಂಕಿಗಿಂತ ನಡುವಿನ ಏರಿಕೆ ಮುಖ್ಯ. ಎಲ್ಲೂ ಜಿಗಿಯದೆ, ಬೀಳದೆ, ಒಂದೇ ಸಮನೆ ಏರಬೇಕು. ಕ್ಷಣಮಾತ್ರದ ಕಡಿತ ಡಿಜಿಟಲ್ ಮೀಟರಿನ ಕಣ್ತಪ್ಪಬಹುದು. ಮುಳ್ಳಿನ ಮೀಟರಿನಲ್ಲಿ ಮುಳ್ಳು ಅದುರುವುದು ಕಾಣುತ್ತದೆ, ಆಸಿಲೋಸ್ಕೋಪ್ ಇದ್ದರೆ ಇನ್ನೂ ಸ್ಪಷ್ಟ.

ಸ್ಕ್ಯಾನರ್ ತೋರಿಸುವ ಕೋಡನ್ನು ಈ ಅಳತೆಯ ಜೊತೆಗಿಟ್ಟು ಓದಬೇಕು. ಪಿ 0122 ಎಂದರೆ ಸಿಗ್ನಲ್ ತೀರಾ ಕಡಿಮೆ, ಪಿ 0123 ಎಂದರೆ ತೀರಾ ಹೆಚ್ಚು. ಈ ಎರಡು ಕೋಡ್‌ಗಳೂ ಸೆನ್ಸರ್ ಕೆಟ್ಟಿದೆ ಎಂದು ತೀರ್ಪು ಕೊಡುವುದಿಲ್ಲ. 5 ವೋಲ್ಟಿನ ವೈರ್ ತುಂಡಾದರೂ ಸಿಗ್ನಲ್ ಕೆಳಗಿಳಿಯುತ್ತದೆ. ಅರ್ತ್ ಬಿಟ್ಟುಹೋದರೆ 5 ವೋಲ್ಟಿನತ್ತ ಏರುತ್ತದೆ. ಎಂಜಿನ್ನಿನ ಶಾಖ, ಅದುರಾಟ, ತೇವ ಮತ್ತು ಇಲಿಯ ಹಲ್ಲು ವೈರಿಂಗನ್ನು ಹಾಳುಮಾಡುವುದು ಅಪರೂಪವಲ್ಲ. ಹಾಗಾಗಿ ಮೀಟರ್ ಹಿಡಿದಾಗ ವೈರಿನ ಕಟ್ಟನ್ನೂ ಅಲುಗಾಡಿಸಿ ನೋಡುವುದು ಒಳ್ಳೆಯದು. ಐಡ್ಲಿಂಗ್ ಏರಿಳಿತಕ್ಕೆ ತಟ್ಟೆಯ ಅಂಚಿಗೆ ಕಟ್ಟಿದ ಮಸಿಯೋ, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪೋ ಕಾರಣವಾಗಿರಬಹುದು. ಅಲ್ಲಿ ಹೊಸ ಟಿಪಿಎಸ್ ಏನನ್ನೂ ಸರಿಮಾಡದು.

ಹೊಸ ಕಾರುಗಳಲ್ಲಿ ಕೇಬಲ್ ಇಲ್ಲ. ತಟ್ಟೆಯನ್ನು ತಿರುಗಿಸುವುದು ಮೋಟಾರ್. ಸುರಕ್ಷತೆಗಾಗಿ ಅಲ್ಲಿ ಎರಡು ಸಿಗ್ನಲ್‌ಗಳಿವೆ. ಕೆಲವು ವಿನ್ಯಾಸಗಳಲ್ಲಿ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ. ಎರಡೂ ತಾಳೆಯಾಗದಿದ್ದರೆ ಇಸಿಯು ಪಿ 2135ರಂಥ ಕೋಡ್ ಬರೆದಿಟ್ಟು, ಎಂಜಿನ್ನಿನ ಶಕ್ತಿಗೆ ಕಡಿವಾಣ ಹಾಕುತ್ತದೆ. ಇಂಥ ಬಹಳಷ್ಟು ಸೆನ್ಸರ್‌ಗಳು ಅಯಸ್ಕಾಂತದ ನೆರವಿನಿಂದ ಸ್ಪರ್ಶವಿಲ್ಲದೆಯೇ ಕೆಲಸ ಮಾಡುವುದರಿಂದ ಸವೆತದ ಕಾಟ ಕಡಿಮೆ. ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಸೆನ್ಸರ್ ಒಂದನ್ನೇ ಬದಲಿಸಲಾಗದು, ಇಡೀ ಥ್ರಾಟಲ್ ಬಾಡಿಯನ್ನೇ ಕೊಳ್ಳಬೇಕು. ಇಗ್ನಿಷನ್ ಆನ್ ಇರುವಾಗ ಆ ತಟ್ಟೆಗೆ ಬೆರಳು ಹಾಕಬಾರದು. ಪೆಡಲ್ ಒತ್ತಿಯೇ ಪರೀಕ್ಷಿಸಬೇಕು.

ಗ್ಯಾರೇಜಿನಲ್ಲಿ "ಸೆನ್ಸರ್ ಹೋಗಿದೆ" ಎಂದರೆ, ಸಿಗ್ನಲ್ ವೋಲ್ಟೇಜ್ ಎಷ್ಟು ಬಂತು, 5 ವೋಲ್ಟ್ ಮತ್ತು ಅರ್ತ್ ನೋಡಿದಿರಾ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಮೀಟರ್ ಹಚ್ಚಿ ತೋರಿಸುತ್ತಾರೆ.