ಎರಡು ತುದಿಗಳ ನಡುವೆ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಪಿಲಾ ನದಿಗಳು ಹರಿಯುವ ಈ ಸೀಮೆಯಲ್ಲಿ ಭತ್ತದ ಬಯಲುಗಳೂ ಹೊಗೆಸೊಪ್ಪಿನ ಹೊಲಗಳೂ ನಾಗರಹೊಳೆಯ ದಟ್ಟವಾದ ಅರಣ್ಯವೂ ಇವೆ. ಇಲ್ಲಿನ ರೈತನಿಗೆ ಪಹಣಿ ಬೇಕು. ವಿದ್ಯಾರ್ಥಿಗೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕು. ವೃದ್ಧರಿಗೆ ಪಿಂಚಣಿ ಬೇಕು. ಹಿಂದೆ ಇವುಗಳ ಲೆಕ್ಕವೆಲ್ಲ ಕಚೇರಿಯ ಕಪಾಟಿನೊಳಗಿನ ದಪ್ಪ ಪುಸ್ತಕಗಳಲ್ಲಿರುತ್ತಿತ್ತು. 2000ನೆಯ ಇಸವಿಯ ಸುಮಾರಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಜಮೀನಿನ ದಾಖಲೆಗಳು ಗಣಕಯಂತ್ರವನ್ನು ಸೇರಿದವು. ಗ್ರಾಮ ಪಂಚಾಯತಿಗಳನ್ನು ಗಾಜಿನ ಎಳೆಯ ಮೂಲಕ ಜೋಡಿಸುವ ರಾಷ್ಟ್ರೀಯ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಅದೇ ಮುಂದೆ ‘ಭಾರತ್‌ನೆಟ್’ ಎಂದು ಹೆಸರಾಯಿತು. ಇಂದು ದಾಖಲೆಯು ದೂರದ ಊರಿನ ಯಂತ್ರದಲ್ಲಿದ್ದು, ಹಳ್ಳಿಯ ಕಚೇರಿಯು ಅದನ್ನು ಜಾಲದ ಮೂಲಕ ತರಿಸಿಕೊಳ್ಳುತ್ತದೆ.

ಕಚೇರಿಗೆ ಬಂದವರು ಕೆಲವೊಮ್ಮೆ ಕಿಟಕಿಯ ಆಚೆಯಿಂದ ‘ಸರ್ವರ್ ಇಲ್ಲ’ ಎಂಬ ಉತ್ತರವನ್ನು ಕೇಳಬೇಕಾಗುತ್ತದೆ. ಕಾಡಂಚಿನ ಹಾಡಿಯಿಂದ ಒಂದು ದಿನದ ಕೂಲಿಯನ್ನು ಬಿಟ್ಟು ಬಂದವರಿಗೆ ಈ ಉತ್ತರವು ಸಣ್ಣ ನಷ್ಟವಲ್ಲ. ಆದರೆ ಈ ಮಾತು ದೋಷದ ಪರಿಣಾಮವನ್ನು ಹೇಳುತ್ತದೆಯೇ ಹೊರತು ಅದರ ಕಾರಣವನ್ನು ಹೇಳುವುದಿಲ್ಲ. ಜ್ವರ ಬಂದಿದೆ ಎಂದಮಾತ್ರಕ್ಕೆ ರೋಗ ಯಾವುದೆಂದು ತಿಳಿದಂತಾಗುವುದಿಲ್ಲ. ಸರ್ವರ್ ಸುಸ್ಥಿತಿಯಲ್ಲಿದ್ದು, ಅದನ್ನು ತಲಪುವ ದಾರಿಯೇ ಎಲ್ಲೋ ಕಡಿದುಹೋಗಿರಬಹುದು. ದಾರಿ ಕಡಿದ ಸ್ಥಳವನ್ನು ಕ್ರಮವರಿತು ಹುಡುಕುವುದು ಒಂದು ಶಾಸ್ತ್ರ.

ಜಾಲದ ದಾರಿಗಳು ಕೂಡುವ ಸ್ಥಳದಲ್ಲಿ ‘ರೌಟರು’ ಎಂಬ ಯಂತ್ರವಿರುತ್ತದೆ. ಅದರ ಕೆಲಸ ಅಂಚೆಯ ವಿಂಗಡಣಾ ಕಚೇರಿಯ ಕೆಲಸವನ್ನು ಹೋಲುತ್ತದೆ. ಗಣಕಯಂತ್ರವು ತನ್ನ ಸಂದೇಶವನ್ನು ಸಣ್ಣ ಸಣ್ಣ ಕಟ್ಟುಗಳನ್ನಾಗಿ ಮಾಡಿ, ಪ್ರತಿಯೊಂದರ ಮೇಲೂ ಸೇರಬೇಕಾದ ವಿಳಾಸವನ್ನು ಬರೆದು ಕಳುಹಿಸುತ್ತದೆ. ರೌಟರು ಆ ವಿಳಾಸವನ್ನು ಓದಿ, ಕಟ್ಟನ್ನು ಯಾವ ದ್ವಾರದಿಂದ ಹೊರಗೆ ಕಳುಹಿಸಬೇಕೆಂದು ನಿರ್ಧರಿಸುತ್ತದೆ. ಜಾಲವು ಎಷ್ಟೇ ವಿಶಾಲವಾಗಿದ್ದರೂ ಅದು ನೇರವಾಗಿ ಜೋಡಿಸಿದ ಎರಡೆರಡು ರೌಟರುಗಳ ಸರಪಳಿಯಾಗಿರುತ್ತದೆ. ಆದ್ದರಿಂದ ಒಂದು ಕೊಂಡಿಯ ದೋಷವನ್ನು ಹುಡುಕಲು ಕಲಿತವನು ಇಡೀ ಸರಪಳಿಯನ್ನು ಪರೀಕ್ಷಿಸಬಲ್ಲನು.

ಇಂತಹ ದೋಷವು ಜಾಲದ ಹುಟ್ಟಿನ ದಿನವೇ ತಲೆದೋರಿತು. 1969ರ ಅಕ್ಟೋಬರ್ 29ರ ರಾತ್ರಿ ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಮೊದಲ ಸಂದೇಶವನ್ನು ಕಳುಹಿಸಲಾಯಿತು. ಎರಡೂ ತುದಿಗಳಲ್ಲಿ ಇಂದಿನ ರೌಟರಿನ ಪೂರ್ವಜವೆನ್ನಬಹುದಾದ ಯಂತ್ರಗಳಿದ್ದವು. ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿಯು ‘ಲಾಗಿನ್’ ಎಂಬ ಪದದ ಅಕ್ಷರಗಳನ್ನು ಒಂದೊಂದಾಗಿ ಕಳುಹಿಸುತ್ತ, ಆಚೆಯ ತುದಿಯಲ್ಲಿದ್ದ ಬಿಲ್ ಡುವಾಲ್ ಅವರನ್ನು ‘ಬಂದಿತೇ?’ ಎಂದು ದೂರವಾಣಿಯಲ್ಲಿ ಕೇಳುತ್ತಿದ್ದನು. ‘ಎಲ್’ ಮುಟ್ಟಿತು, ‘ಓ’ ಮುಟ್ಟಿತು, ‘ಜಿ’ ಎನ್ನುವಷ್ಟರಲ್ಲಿ ವ್ಯವಸ್ಥೆ ಕುಸಿಯಿತು. ತಂತಿ ಕಡಿದಿರಲಿಲ್ಲ. ಸ್ಟ್ಯಾನ್‌ಫರ್ಡಿನ ಯಂತ್ರವು ಪದದ ಉಳಿದ ಅಕ್ಷರಗಳನ್ನು ತಾನೇ ಪೂರ್ಣಗೊಳಿಸಿ ಒಟ್ಟಿಗೆ ಹಿಂದಿರುಗಿಸಲು ಹೊರಟಿತ್ತು. ಆದರೆ ಅಲ್ಲಿನ ಪ್ರೋಗ್ರಾಂ ಒಂದು ಸಲಕ್ಕೆ ಒಂದೇ ಅಕ್ಷರವನ್ನು ನಿರೀಕ್ಷಿಸುತ್ತಿತ್ತು. ಅದನ್ನು ತಿದ್ದಿದ ಮೇಲೆ, ಸುಮಾರು ಒಂದು ಗಂಟೆಯ ಅನಂತರ, ಸಂಪರ್ಕ ಸಿದ್ಧಿಸಿತು. ಸಂಪರ್ಕಕ್ಕೆ ತಂತಿಯೊಂದೇ ಸಾಲದು, ಎರಡು ತುದಿಗಳ ನಡುವೆ ಒಮ್ಮತವೂ ಬೇಕು ಎಂಬುದು ಇದರಿಂದ ತಿಳಿಯಿತು. ದೋಷವನ್ನು ಹುಡುಕುವಾಗ ಎರಡು ತುದಿಗಳವರೂ ಬೇರೊಂದು ಸಾಧನದ ಮೂಲಕ ಪರಸ್ಪರ ಮಾತನಾಡುತ್ತಿರಬೇಕು ಎಂಬುದನ್ನೂ ಅಂದಿನ ದೂರವಾಣಿಯು ತೋರಿಸಿಕೊಟ್ಟಿತು.

ಹುಡುಕುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಹುಣಸೂರಿನಲ್ಲಿ ಒಂದು ರೌಟರು, ಪಿರಿಯಾಪಟ್ಟಣದಲ್ಲಿ ಇನ್ನೊಂದು ರೌಟರು ಇವೆಯೆಂದೂ, ಅವುಗಳ ನಡುವೆ ಸುಮಾರು 25 ಕಿಲೋಮೀಟರು ಉದ್ದದ ಗಾಜಿನ ಎಳೆ ನೆಲದಡಿಯಲ್ಲಿ ಹಾದುಹೋಗಿದೆಯೆಂದೂ ಭಾವಿಸಬಹುದು. ಒಂದು ಬೆಳಗ್ಗೆ ಇವೆರಡರ ನಡುವೆ ಮಾತು ನಿಂತಿದೆ. ಅನುಭವವಿಲ್ಲದವನು ಆತುರದಿಂದ ಯಂತ್ರವನ್ನು ಆರಿಸಿ ಹೊತ್ತಿಸುತ್ತಾನೆ. ಹೊಸ ರೌಟರನ್ನೇ ತರಿಸಬೇಕೆನ್ನುತ್ತಾನೆ. ಬಲ್ಲವನು ಕೆಳಗಿನ ಮೆಟ್ಟಿಲಿನಿಂದ ಆರಂಭಿಸುತ್ತಾನೆ. ಬೆಳಕು ಮುಟ್ಟುತ್ತಿದೆಯೇ? ನೆರೆಯ ಯಂತ್ರದ ಗುರುತು ಸಿಕ್ಕಿತೇ? ವಿಳಾಸಗಳು ಹೊಂದುತ್ತವೆಯೇ? ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಬೇಕು. ತಳಪಾಯವಿಲ್ಲದೆ ಗೋಡೆ ನಿಲ್ಲದಂತೆ, ಕೆಳಗಿನದು ಸರಿಯಿಲ್ಲದಿದ್ದರೆ ಮೇಲಿನದು ನಡೆಯುವುದಿಲ್ಲ.

ಮೊದಲನೆಯದು ಬೆಳಕಿನ ಪರೀಕ್ಷೆ. ರೌಟರಿಗೆ ವಿದ್ಯುತ್ತು ಬರುತ್ತಿದೆಯೇ ಎಂದು ಎರಡೂ ಕಡೆ ನೋಡಬೇಕು. ಅನಂತರ ಆ ದ್ವಾರವನ್ನು ಯಾರಾದರೂ ಆಜ್ಞೆಯ ಮೂಲಕ ಮುಚ್ಚಿದ್ದಾರೆಯೇ ಎಂದು ವಿಚಾರಿಸಬೇಕು. ಬೀಗ ಹಾಕಿದ ಬಾಗಿಲಿನ ಮುಂದೆ ನಿಂತು ರಸ್ತೆಯನ್ನು ದೂರಿ ಫಲವಿಲ್ಲ. ಬಳಿಕ ಎಳೆಯ ಸರದಿ. ಸಾಮಾನ್ಯವಾಗಿ ಒಂದು ಸಂಪರ್ಕಕ್ಕೆ ಎರಡು ಎಳೆಗಳಿರುತ್ತವೆ. ಒಂದು ಹೇಳುವ ಎಳೆ, ಇನ್ನೊಂದು ಕೇಳುವ ಎಳೆ. ಹುಣಸೂರಿನ ಬಾಯಿಯು ಪಿರಿಯಾಪಟ್ಟಣದ ಕಿವಿಗೆ ಸೇರಬೇಕು. ಒಂದು ತುದಿಯಲ್ಲಿ ಎಳೆಗಳು ಅದಲುಬದಲಾದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಎದುರಾಗಿ ಮಾತು ನಿಲ್ಲುತ್ತದೆ.

ದೂರವನ್ನೂ ಗಮನಿಸಬೇಕು. ಗಾಜು ಎಷ್ಟೇ ಶುದ್ಧವಾಗಿದ್ದರೂ ಅದರಲ್ಲಿ ಸಾಗುವ ಬೆಳಕು ಹತ್ತು ಕಿಲೋಮೀಟರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕುಗ್ಗಬಹುದು. ಬೆಳಕನ್ನು ದೂರಕ್ಕೆ ಸಾಗಿಸಬಲ್ಲ ಶುದ್ಧವಾದ ಗಾಜಿನ ಎಳೆ ಸಾಧ್ಯವೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಹತ್ತು ಕಿಲೋಮೀಟರಿಗಾಗಿ ತಯಾರಾದ ದೀಪದ ಸಾಧನವನ್ನು ಇಪ್ಪತ್ತೈದು ಕಿಲೋಮೀಟರಿನ ಎಳೆಗೆ ಜೋಡಿಸಿದರೆ ಅದರ ಬೆಳಕು ಆಚೆಯ ತುದಿಯಲ್ಲಿ ಸಾಲದೆ ಹೋಗಬಹುದು. ಬೆಳಕು ಸಾಗುವ ಒಳತಿರುಳಿನ ಅಗಲವು ಸುಮಾರು 9 ಮೈಕ್ರೋಮೀಟರು ಮಾತ್ರ. ತಲೆಗೂದಲು ಇದಕ್ಕಿಂತ ಅನೇಕ ಪಟ್ಟು ದಪ್ಪ. ಆದುದರಿಂದ ಎಳೆಯ ತುದಿಗೆ ಅಂಟಿದ ಧೂಳಿನ ಕಣವೊಂದು ಊರಿನ ಸಂಪರ್ಕವನ್ನೇ ತಡೆಯಬಲ್ಲದು. ಈ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಹಾನಿಯನ್ನುಂಟುಮಾಡಬಹುದು. ಅದನ್ನು ಅಳತೆಯ ಉಪಕರಣದಿಂದಲೇ ಪರೀಕ್ಷಿಸಬೇಕು. ಎಳೆಯೊಳಗೆ ಇಣುಕಿ ನೋಡಬಾರದು.

ನೆಲದಡಿಯಲ್ಲಿ ಎಳೆಯು ತುಂಡಾಗಿದ್ದರೆ ಅದರ ಸ್ಥಳವನ್ನು ತಿಳಿಯುವ ಉಪಾಯವು ಬಾವಿಯೊಳಗೆ ಕೂಗಿ ಪ್ರತಿಧ್ವನಿಯನ್ನು ಕೇಳುವಂತಹುದು. ಒಂದು ಉಪಕರಣವು ಎಳೆಯೊಳಕ್ಕೆ ಬೆಳಕಿನ ಮಿಡಿತವನ್ನು ಕಳುಹಿಸಿ, ಮುರಿದ ಕಡೆಯಿಂದ ಅದು ಮರಳುವ ಕಾಲವನ್ನು ಅಳೆಯುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ 5 ಮೈಕ್ರೋಸೆಕೆಂಡು. ಪ್ರತಿಫಲನವು 90 ಮೈಕ್ರೋಸೆಕೆಂಡಿಗೆ ಮರಳಿದರೆ, ಹೋಗಲು 45, ಬರಲು 45. ಆದ್ದರಿಂದ ಹುಣಸೂರಿನಿಂದ 9 ಕಿಲೋಮೀಟರು ಎಳೆಯ ಆಚೆ ದೋಷವಿದೆಯೆಂದಾಯಿತು. ಆದರೆ ರಸ್ತೆಯ ಒಂಬತ್ತನೆಯ ಮೈಲಿಗಲ್ಲಿನ ಬಳಿಯೇ ಅಗೆಯಬೇಕೆಂದಿಲ್ಲ. ಮುಂದಿನ ದುರಸ್ತಿಗೆಂದು ಅಲ್ಲಲ್ಲಿ ಗುಂಡಿಗಳಲ್ಲಿ ಎಳೆಯನ್ನು ಸುರುಳಿಯಾಗಿ ಸುತ್ತಿಟ್ಟಿರುವುದರಿಂದ, ಎಳೆಯ ಉದ್ದವು ರಸ್ತೆಯ ಉದ್ದಕ್ಕಿಂತ ಹೆಚ್ಚಾಗಿರುತ್ತದೆ. ಯಾವ ಗುಂಡಿಯಲ್ಲಿ ಎಷ್ಟು ಸುತ್ತಿದೆ ಎಂದು ಬರೆದಿಟ್ಟ ದಾಖಲೆಯು ಇಂತಹ ಸಮಯದಲ್ಲಿ ಗುದ್ದಲಿಗಿಂತ ಹೆಚ್ಚು ಉಪಯುಕ್ತ.

ಬೆಳಕು ಸರಿಯಾಗಿ ಮುಟ್ಟುತ್ತಿದ್ದರೆ ಎರಡನೆಯ ಮೆಟ್ಟಿಲನ್ನು ಏರಬಹುದು. ಎರಡು ದ್ವಾರಗಳೂ ಒಂದೇ ವೇಗಕ್ಕೆ, ಒಂದೇ ರೀತಿಯ ಮಾತುಕತೆಗೆ ಸಿದ್ಧವಾಗಿರಬೇಕು. ಅನಂತರ ನೆರೆಯವರ ಪರಿಚಯವಾಗಬೇಕು. ಹುಣಸೂರಿನ ರೌಟರು ‘ಈ ವಿಳಾಸ ಯಾರದು?’ ಎಂದು ಕೂಗುತ್ತದೆ. ಪಿರಿಯಾಪಟ್ಟಣದ ರೌಟರು ‘ನನ್ನದು’ ಎಂದು ತನ್ನ ಯಂತ್ರಸಂಖ್ಯೆಯನ್ನು ತಿಳಿಸುತ್ತದೆ. 1982ರಲ್ಲಿ ರೂಪಿಸಿದ ಈ ಪದ್ಧತಿಗೆ ‘ಆರ್ಪ್’ ಎಂದು ಹೆಸರು. ಹೀಗೆ ತಿಳಿದ ಸಂಖ್ಯೆಗಳನ್ನು ರೌಟರು ಒಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಆ ಪಟ್ಟಿಯಲ್ಲಿ ನೆರೆಯವನ ಹೆಸರಿಲ್ಲದಿದ್ದರೆ, ಎಳೆಯನ್ನು ಬೇರೆ ದ್ವಾರಕ್ಕೆ ಸಿಕ್ಕಿಸಿರಬಹುದು, ಅಥವಾ ವಿಳಾಸದಲ್ಲಿ ತಪ್ಪಿರಬಹುದು.

ಮೂರನೆಯದು ವಿಳಾಸದ ಪರೀಕ್ಷೆ. ಎರಡೇ ರೌಟರುಗಳಿರುವ ಸಂಪರ್ಕಕ್ಕೆ ಸಾಮಾನ್ಯವಾಗಿ ನಾಲ್ಕು ವಿಳಾಸಗಳ ಒಂದು ಸಣ್ಣ ಕೇರಿಯನ್ನು ಕೊಡುವುದುಂಟು. 192.0.2.0ರಿಂದ 192.0.2.3ರವರೆಗೆ ಒಂದು ಕೇರಿಯಾದರೆ, ಮೊದಲನೆಯದು ಕೇರಿಯ ಹೆಸರಿಗೂ ಕೊನೆಯದು ಎಲ್ಲರಿಗೂ ಸಾರುವುದಕ್ಕೂ ಮೀಸಲು. ನಡುವಿನ ಎರಡು ಮಾತ್ರ ಮನೆಗಳು. ಹುಣಸೂರಿಗೆ 192.0.2.1, ಪಿರಿಯಾಪಟ್ಟಣಕ್ಕೆ 192.0.2.2 ಎಂದಿದ್ದರೆ ಅವು ನೆರೆಮನೆಗಳು. ಬರೆಯುವಾಗ ಕೈತಪ್ಪಿ ಪಿರಿಯಾಪಟ್ಟಣಕ್ಕೆ 192.0.2.5 ಎಂದು ಕೊಟ್ಟರೆ, ಅದು 4ರಿಂದ 7ರವರೆಗಿನ ಮುಂದಿನ ಕೇರಿಗೆ ಸೇರಿಬಿಡುತ್ತದೆ. ಆಗ ಹುಣಸೂರಿನ ರೌಟರು ‘ಇದು ನನ್ನ ಕೇರಿಯ ಮನೆಯಲ್ಲ’ ಎಂದು ಬಗೆದು ಆ ಎಳೆಯ ಕಡೆಗೆ ಕಟ್ಟನ್ನು ಕಳುಹಿಸುವುದೇ ಇಲ್ಲ. ದೀಪ ಉರಿಯುತ್ತಿರುತ್ತದೆ, ಬೆಳಕು ಹರಿಯುತ್ತಿರುತ್ತದೆ, ಮಾತು ಮಾತ್ರ ಇರುವುದಿಲ್ಲ. ಯಂತ್ರಗಳಲ್ಲಿ ಯಾವ ಕೊರತೆಯೂ ಇಲ್ಲದೆ ಒಂದು ಅಂಕಿಯ ತಪ್ಪಿನಿಂದ ಎರಡು ಊರುಗಳು ಅಗಲುವ ಬಗೆ ಇದು.

ಸಂಪರ್ಕವನ್ನು ಪರೀಕ್ಷಿಸಲು ಎಲ್ಲರೂ ಬಳಸುವ ಸಾಧನ ‘ಪಿಂಗ್’. ಇದನ್ನು 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮಸ್ ಎಂಬ ವಿಜ್ಞಾನಿಯು ರಚಿಸಿದನು. ಸಮುದ್ರದಾಳದ ವಸ್ತುವನ್ನು ಪ್ರತಿಧ್ವನಿಯಿಂದ ಪತ್ತೆಮಾಡುವ ಸೋನಾರಿನ ಸದ್ದೇ ಈ ಹೆಸರಿಗೆ ಮೂಲ. ಒಂದು ರೌಟರು ‘ಇದ್ದೀಯಾ?’ ಎಂದು ಕೇಳಿದರೆ ಇನ್ನೊಂದು ‘ಇದ್ದೇನೆ’ ಎನ್ನುತ್ತದೆ. ಬಿಟ್ಟು ಬಿಟ್ಟು ಕಾಣಿಸಿಕೊಳ್ಳುವ ದೋಷವನ್ನು ಹುಡುಕುತ್ತಿದ್ದ ಒಬ್ಬನ ಪ್ರಸಂಗವನ್ನು ಮಸ್ ಬರೆದಿದ್ದಾನೆ. ಅವನು ಉತ್ತರ ಬಂದಾಗಲೆಲ್ಲ ಗಣಕಯಂತ್ರವು ‘ಪಿಂಗ್’ ಎಂದು ಗಟ್ಟಿಯಾಗಿ ನುಡಿಯುವಂತೆ ಏರ್ಪಡಿಸಿ, ಕಟ್ಟಡದಲ್ಲೆಲ್ಲ ತಿರುಗಾಡುತ್ತ ತಂತಿಯ ಜೋಡಣೆಗಳನ್ನು ಒಂದೊಂದಾಗಿ ಅಲುಗಿಸಿದನು. ಯಾವುದನ್ನು ಅಲುಗಿಸಿದಾಗ ಸದ್ದು ನಿಂತಿತೋ ಅದೇ ಸಡಿಲವಾದ ಜೋಡಣೆ! ಆದರೆ ಪಿಂಗ್‌ಗೆ ಉತ್ತರ ಬಾರದಿದ್ದರೆ ದಾರಿಯೇ ಇಲ್ಲವೆಂದು ಕೂಡಲೇ ನಿರ್ಣಯಿಸಬಾರದು. ಕೆಲವು ರೌಟರುಗಳಿಗೆ ಇಂತಹ ಪ್ರಶ್ನೆಗೆ ಉತ್ತರಿಸಬಾರದೆಂದು ರಕ್ಷಣೆಯ ನಿಯಮವನ್ನು ವಿಧಿಸಿರುತ್ತಾರೆ. ನೆರೆಯವನ ಯಂತ್ರಸಂಖ್ಯೆಯು ಪಟ್ಟಿಯಲ್ಲಿ ಹೊಸದಾಗಿ ಮೂಡಿದ್ದು, ಪಿಂಗ್‌ಗೆ ಮಾತ್ರ ಉತ್ತರವಿಲ್ಲದಿದ್ದರೆ, ಎಳೆಯನ್ನು ಬಿಟ್ಟು ಆ ನಿಯಮವನ್ನು ಪರಿಶೀಲಿಸಬೇಕು.

ಈ ನೆರೆಯ ಸಂಪರ್ಕವು ದೃಢಪಟ್ಟ ಮೇಲೆಯೇ ದೂರದ ಊರುಗಳ ಮಾತು. ಹುಣಸೂರಿನ ಮೂಲಕ ಕೃಷ್ಣರಾಜನಗರದಿಂದ ಹೆಗ್ಗಡದೇವನಕೋಟೆಗೆ ಕಟ್ಟು ಹೋಗಬೇಕಾದರೆ, ಹೋಗುವ ದಾರಿಯಷ್ಟೇ ಮರಳುವ ದಾರಿಯೂ ರೌಟರುಗಳಿಗೆ ತಿಳಿದಿರಬೇಕು. ಕಳುಹಿಸಿದ ಪತ್ರ ಮುಟ್ಟಿಯೂ ಉತ್ತರ ಹಿಂದಿರುಗದಿದ್ದರೆ, ಕಳುಹಿಸಿದವನಿಗೆ ಅದು ಮುಟ್ಟದಂತೆಯೇ ಸರಿ. ಒಂದೇ ದಾರಿಯನ್ನು ನೆಚ್ಚಿದ ಊರು ಒಂದೇ ಏಟಿಗೆ ಒಂಟಿಯಾಗುತ್ತದೆ. ಇದನ್ನು ಮನಗಂಡು, 2023ರಲ್ಲಿ ಒಪ್ಪಿಗೆ ಪಡೆದ ಭಾರತ್‌ನೆಟ್‌ನ ತಿದ್ದುಪಡಿಯ ಯೋಜನೆಯಲ್ಲಿ ಊರುಗಳನ್ನು ಉಂಗುರದಂತೆ ಜೋಡಿಸಲು ನಿರ್ಧರಿಸಲಾಯಿತು. ಉಂಗುರದಲ್ಲಿ ಒಂದು ಕಡೆ ಎಳೆ ಕಡಿದರೂ ಇನ್ನೊಂದು ಸುತ್ತಿನಿಂದ ಮಾತು ಸಾಗುತ್ತದೆ. ಆದರೆ ಮೊದಲ ದೋಷವನ್ನು ಅಲಕ್ಷಿಸಿದರೆ ಎರಡನೆಯ ದೋಷವು ಬಂದ ದಿನ ಉಂಗುರವೂ ಉಪಯೋಗಕ್ಕೆ ಬಾರದು.

ದೋಷವನ್ನು ಹುಡುಕುವವನಲ್ಲಿ ಉಪಕರಣಗಳಿಗಿಂತ ಮಿಗಿಲಾಗಿ ಕೆಲವು ಗುಣಗಳಿರಬೇಕು. ಅವನು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಬದಲಿಸಿದ್ದರಿಂದ ಫಲವಾಗದಿದ್ದರೆ ಅದನ್ನು ಮೊದಲಿನಂತೆಯೇ ಮಾಡಬೇಕು. ಕಂಡುದನ್ನು ಬರೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಆಚೆಯ ತುದಿಯಲ್ಲೇ ಇದೆಯೆಂದು ಮೊದಲೇ ತೀರ್ಮಾನಿಸಬಾರದು. ಹುಣಸೂರಿನವರು ಪಿರಿಯಾಪಟ್ಟಣವನ್ನೂ ಪಿರಿಯಾಪಟ್ಟಣದವರು ಹುಣಸೂರನ್ನೂ ದೂರುತ್ತ ಕುಳಿತರೆ ದಿನ ಕಳೆಯುತ್ತದೆಯೇ ಹೊರತು ದೋಷ ಕಳೆಯುವುದಿಲ್ಲ. ಇಬ್ಬರೂ ತಮ್ಮ ತಮ್ಮ ತುದಿಯನ್ನು ನೋಡಿ, ಕಂಡುದನ್ನು ಕಂಡಂತೆ ಹೇಳಿಕೊಂಡಾಗ, ‘ಸರ್ವರ್ ಇಲ್ಲ’ ಎಂಬ ಮಾತಿನ ಸ್ಥಾನದಲ್ಲಿ ‘ಎಳೆ ಇಂತಹ ಕಡೆ ತುಂಡಾಗಿದೆ, ನಾಳೆ ಬೆಳಗ್ಗೆಗೆ ಸರಿಹೋಗುತ್ತದೆ’ ಎಂಬ ಸ್ಪಷ್ಟವಾದ ಉತ್ತರ ಸಿಗುತ್ತದೆ. ಹಾಡಿಯಿಂದ ನಡೆದು ಬಂದವರಿಗೆ ಮತ್ತೊಂದು ದಿನದ ಕೂಲಿಯನ್ನು ಉಳಿಸುವುದು ಅಂತಹ ಉತ್ತರವೇ.

ಅಭ್ಯಾಸ

1. ‘ಸರ್ವರ್ ಇಲ್ಲ’ ಎಂಬ ಉತ್ತರದಲ್ಲಿರುವ ಕೊರತೆಯೇನು?
2. 1969ರ ಮೊದಲ ಸಂದೇಶವು ನಡುವೆಯೇ ನಿಂತುಹೋಗಲು ಕಾರಣವೇನು? ಅದರಿಂದ ತಿಳಿಯುವ ಎರಡು ಪಾಠಗಳಾವುವು?
3. ಮುರಿದ ಎಳೆಯಿಂದ ಬೆಳಕು 150 ಮೈಕ್ರೋಸೆಕೆಂಡಿಗೆ ಮರಳಿದರೆ ದೋಷವು ಎಷ್ಟು ಕಿಲೋಮೀಟರು ದೂರದಲ್ಲಿದೆ?
4. 192.0.2.1 ಮತ್ತು 192.0.2.5 ಎಂಬ ವಿಳಾಸಗಳ ನಡುವೆ ಮಾತು ಏಕೆ ನಡೆಯುವುದಿಲ್ಲ? ವಿವರಿಸಿ.
5. ದೋಷವನ್ನು ಹುಡುಕುವವನಲ್ಲಿ ಇರಬೇಕಾದ ಗುಣಗಳನ್ನು ಸ್ವಂತ ವಾಕ್ಯಗಳಲ್ಲಿ ಬರೆಯಿರಿ.