ಹೊರಡಿ ಅಂದಾಗ ಹೊರಡೋಕೆ ಒಂದು ಚೀಲ

ಹತ್ತು ನಿಮಿಷ ಟೈಮ್ ಇದೆ. ಮನೆ ಬಿಟ್ಟು ಹೊರಡಲೇಬೇಕು. ಏನೇನು ತಗೊಂಡು ಹೋಗ್ತೀರಿ?

ಹೋದ ಮಳೆಗಾಲದಲ್ಲಿ ಆಫೀಸಿನ ಊಟದ ಹೊತ್ತಿನಲ್ಲಿ ಈ ಪ್ರಶ್ನೆ ಕೇಳಿದ್ದೆ. "ಲ್ಯಾಪ್‌ಟಾಪ್" ಅಂದ ಒಬ್ಬ. "ಕಂಪನೀದು ಕಣೋ, ಮುಳುಗಲಿ ಬಿಡು" ಅಂದಳು ಪಕ್ಕದವಳು. ಇನ್ನುಳಿದವರ ಉತ್ತರ: ಬೆಕ್ಕು, ಒಡವೆ, ಪಾಸ್‌ಪೋರ್ಟ್, ಚಾರ್ಜರ್. ಸರಿ, ಬೆಕ್ಕಿನ ಬುಟ್ಟಿ ಎಲ್ಲಿದೆ? ಪಾಸ್‌ಪೋರ್ಟ್ ಯಾವ ಡ್ರಾನಲ್ಲಿದೆ? ಬೀರು ಕೀಲಿ ಯಾರ ಹತ್ರ? ಎಲ್ಲರೂ ಯೋಚನೆಗೆ ಬಿದ್ದರು. ಹತ್ತು ನಿಮಿಷ ಹೋಗೋದು ಹೀಗೇ, ಹುಡುಕೋದ್ರಲ್ಲಿ.

ಇದೆಲ್ಲ ಯಾಕೆ ಬೇಕು ಅಂತೀರಾ? 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಿದರು. 2019ರ ಆಗಸ್ಟ್‌ನಲ್ಲಿ ಅತ್ತ ಕೃಷ್ಣಾ, ಮಲಪ್ರಭಾ ಉಕ್ಕಿದರೆ, ಇತ್ತ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಮನೆಗಳ ಮೇಲೆ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಜನ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಬಂದರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಜನ ಮಲಗಿದ್ದ ಹೊತ್ತಲ್ಲೇ ಗುಡ್ಡ ಕುಸಿಯಿತು.

ನನ್ನ ಅಪ್ಪ ಅಮ್ಮ ಇರೋದು ಮೂಡಿಗೆರೆ ಕಡೆಯ ಒಂದು ಊರಲ್ಲಿ. ಮನೆ ಹಿಂದೆ ಎತ್ತರದ ಧರೆ, ಅದರ ಮೇಲೆ ಕಾಫಿ ತೋಟ. 2019ರಲ್ಲಿ ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ಮೂರು ದಿನ ಅವರ ಫೋನ್ ಸಿಗಲಿಲ್ಲ. ಆ ಮೂರು ದಿನ ನಾನು ಬೆಂಗಳೂರಲ್ಲಿ ಕೂತು ಟಿವಿಯಲ್ಲಿ ನಮ್ಮ ಕಡೆಯ ಗುಡ್ಡಗಳನ್ನು ನೋಡಿದೆ. ಅದಾದ ಮೇಲೆ ನಮ್ಮ ಕುಟುಂಬದಲ್ಲಿ ಎರಡು ಚೀಲ ತಯಾರಾದವು. ಒಂದು ಊರಲ್ಲಿ, ಇನ್ನೊಂದು ಬೆಂಗಳೂರಿನ ನನ್ನ ಗ್ರೌಂಡ್ ಫ್ಲೋರ್ ಮನೆಯಲ್ಲಿ. ಐದಾರು ಮಳೆಗಾಲದಲ್ಲಿ ಕಲಿತದ್ದನ್ನು ಇಲ್ಲಿ ಹೇಳ್ತಿದ್ದೀನಿ.

ಮೊದಲು ತೂಕ, ಆಮೇಲೆ ಸಾಮಾನು

ಚೀಲ ಬೆನ್ನಿಗೆ ಹಾಕುವಂಥದ್ದೇ ಇರಲಿ. ಎರಡೂ ಕೈ ಖಾಲಿ ಇರಬೇಕು. ಒಂದು ಕೈಯಲ್ಲಿ ಮಗು ಅಥವಾ ಅಜ್ಜಿ, ಇನ್ನೊಂದರಲ್ಲಿ ಟಾರ್ಚ್. ಟ್ರಾಲಿ ಸೂಟ್‌ಕೇಸ್ ವಿಮಾನ ನಿಲ್ದಾಣಕ್ಕೆ ಚೆಂದ, ಮೊಣಕಾಲುದ್ದ ಕೆಸರಿಗಲ್ಲ. ಹಳೇ ಕಾಲೇಜ್ ಬ್ಯಾಗ್ ಸಾಕು, ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ.

ತೂಕ ಐದಾರು ಕೆ.ಜಿ. ದಾಟದಿರಲಿ. ಯಾರು ಹೊರಬೇಕೋ ಅವರೇ ಹೊತ್ತು ಮೆಟ್ಟಿಲು ಇಳಿದು ನೋಡಲಿ. ನಮ್ಮಮ್ಮ ಹೊತ್ತು ನೋಡಿ, ಮೊದಲು ತೆಗೆದು ಹಾಕಿದ್ದು ನಾನು ಹಾಕಿದ್ದ ದೊಡ್ಡ ಟವೆಲ್. "ಒದ್ದೆಯಾದ್ರೆ ಇದೇ ಎರಡು ಕೆ.ಜಿ. ಆಗುತ್ತೆ" ಅಂದರು. ಅದರ ಜಾಗಕ್ಕೆ ತೆಳು ಪಂಚೆ ಬಂತು. ಒರೆಸೋಕೂ ಆಯ್ತು, ಹೊದೆಯೋಕೂ ಆಯ್ತು, ಕೈಗೆ ಏಟಾದರೆ ಕಟ್ಟೋಕೂ ಆಯ್ತು.

ಮಾತ್ರೆ, ಕನ್ನಡಕ

ಒಡವೆ ಇಲ್ಲದೆ ತಿಂಗಳುಗಟ್ಟಲೆ ಬದುಕಬಹುದು. ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ, ಇನ್‌ಹೇಲರ್ ಇಲ್ಲದೆ ಎರಡು ದಿನವೂ ಕಷ್ಟ. ದಿನಾ ತಗೊಳ್ಳೋ ಔಷಧಿ ಕನಿಷ್ಠ ಒಂದು ವಾರಕ್ಕಾಗುವಷ್ಟು ಚೀಲದಲ್ಲಿರಲಿ. ಹೊಸದು ತಂದಾಗ ಅದನ್ನು ಚೀಲಕ್ಕೆ ಹಾಕಿ, ಚೀಲದಲ್ಲಿದ್ದದ್ದನ್ನು ಬಳಸಿ. ಹೀಗೆ ಮಾಡಿದರೆ ಅವಧಿ ಮೀರೋದಿಲ್ಲ.

ಡಾಕ್ಟರ್ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಮಾತ್ರೆಯ ಬ್ರಾಂಡ್ ಹೆಸರಿನ ಜೊತೆ ಒಳಗಿನ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅನ್ನೋದನ್ನೂ ಬರೆದಿಡಿ. ಬೇರೆ ಊರಿನ ಅಂಗಡಿಯಲ್ಲಿ ಅದೇ ಬ್ರಾಂಡ್ ಸಿಗಲಿಕ್ಕಿಲ್ಲ. ಹಳೇ ಕನ್ನಡಕ ಬಿಸಾಡಬೇಡಿ, ಅದು ಚೀಲಕ್ಕೆ. ಶ್ರವಣ ಸಾಧನದ ಬ್ಯಾಟರಿ, ಸ್ಯಾನಿಟರಿ ಪ್ಯಾಡ್, ಮಗುವಿನ ಡೈಪರ್, ಡೆಟಾಲ್, ಬ್ಯಾಂಡೇಜ್, ಒಆರ್‌ಎಸ್ ಪೊಟ್ಟಣ ಮರೀಬೇಡಿ.

ಕಾಗದ ಪತ್ರ ಮತ್ತು ಚಿಲ್ಲರೆ ದುಡ್ಡು

"ಎಲ್ಲಾ ಡಿಜಿಲಾಕರ್‌ನಲ್ಲಿ ಇದೆ" ಅಂತ ನಾವು ಹೇಳ್ತೀವಿ. ನಿಜ, ಅದರಲ್ಲಿ ನೇರವಾಗಿ ಇಲಾಖೆಯಿಂದ ಬಂದ ದಾಖಲೆಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ಆದರೆ ಅದನ್ನು ತೆರೆಯೋಕೆ ಫೋನ್ ಬೇಕು, ಚಾರ್ಜ್ ಬೇಕು, ನೆಟ್‌ವರ್ಕ್ ಬೇಕು. ಮೂರೂ ಮೊದಲ ದಿನವೇ ಕೈಕೊಡಬಹುದು.

ಹಾಗಾಗಿ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ವಿಮೆ ಪಾಲಿಸಿ, ಪಹಣಿ, ಮನೆ ಕಂದಾಯದ ರಸೀದಿ ಇವುಗಳ ಒಂದೊಂದು ಜೆರಾಕ್ಸ್ ಜಿಪ್ ಕವರ್‌ನಲ್ಲಿ ಇಡಿ. ಕ್ರಯಪತ್ರ, ವಿಭಾಗಪತ್ರಗಳ ನೋಂದಣಿ ಸಂಖ್ಯೆ ಮತ್ತು ವರ್ಷ ಬರೆದಿಟ್ಟುಕೊಳ್ಳಿ. ಮೂಲಪತ್ರ ಹಾಳಾದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ತೆಗೆಸುವಾಗ ಆ ಸಂಖ್ಯೆ ಇದ್ದರೆ ಓಡಾಟ ಕಡಿಮೆ. ಮನೆಯ ಒಳಗೆ ಹೊರಗೆ ನಾಲ್ಕು ಫೋಟೋ ತೆಗೆದು ಬೇರೆ ಊರಲ್ಲಿರೋ ಒಬ್ಬರಿಗೆ ಕಳಿಸಿಡಿ. ಮುಂದೆ ಪರಿಹಾರಕ್ಕೋ ವಿಮೆಗೋ ಅರ್ಜಿ ಹಾಕುವಾಗ, ಮನೆ ಮೊದಲು ಹೇಗಿತ್ತು ಅಂತ ತೋರಿಸೋಕೆ ಬೇಕಾಗುತ್ತೆ.

ಒಂದು ಹಾಳೆಯಲ್ಲಿ ಹತ್ತು ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. ಗಂಡನದೋ ಹೆಂಡತಿಯದೋ ನಂಬರ್ ನಿಮಗೆ ಬಾಯಿಪಾಠ ಇದೆಯಾ, ಈಗಲೇ ನೋಡಿಕೊಳ್ಳಿ. ತುರ್ತು ಸಹಾಯಕ್ಕೆ 112, ಜಿಲ್ಲಾ ವಿಪತ್ತು ಸಹಾಯವಾಣಿ 1077, ಇವೆರಡೂ ಅದರಲ್ಲಿರಲಿ. ನೆಟ್‌ವರ್ಕ್ ಇಲ್ಲದಿದ್ದರೆ ಯುಪಿಐ ಇಲ್ಲ. 10, 20, 50, 100ರ ನೋಟುಗಳಲ್ಲಿ ಎರಡು ಸಾವಿರ ರೂಪಾಯಿ ಇದ್ದರೆ ಆಟೋ, ಹಾಲು, ಬನ್ನಿಗೆ ಆಗುತ್ತೆ.

ನೀರು, ತಿಂಡಿ, ಬೆಳಕು

ಪ್ರವಾಹದಲ್ಲಿ ಸುತ್ತ ನೀರೇ ಇದ್ದರೂ ಕುಡಿಯೋಕೆ ಸಿಗೋದಿಲ್ಲ. 2022ರಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೇ ನೀರು ನುಗ್ಗಿ ಬೆಂಗಳೂರಿನ ಕಾವೇರಿ ನೀರು ನಿಂತಿತ್ತಲ್ಲ. ಆದರೆ ನೀರು ಲೀಟರಿಗೆ ಒಂದು ಕೆ.ಜಿ. ತೂಕ. ಮೂರು ಜನರ ಮೂರು ದಿನದ ನೀರು ಹೊರೋಕೆ ಆಗಲ್ಲ. ತಲೆಗೊಂದು ಲೀಟರ್ ಬಾಟಲ್, ಜೊತೆಗೆ ಮೆಡಿಕಲ್ ಶಾಪ್‌ನಲ್ಲಿ ಸಿಗೋ ಕ್ಲೋರಿನ್ ಮಾತ್ರೆ ಇಟ್ಟುಕೊಳ್ಳಿ. ಎಷ್ಟು ನೀರಿಗೆ ಎಷ್ಟು ಮಾತ್ರೆ ಅಂತ ಪಟ್ಟಿಯ ಮೇಲೇ ಬರೆದಿರುತ್ತೆ.

ತಿಂಡಿ ಅಂದರೆ ಒಲೆ ಕೇಳದೇ ಇರುವಂಥದ್ದು. ನೂಡಲ್ಸ್ ಬೇಡ. ಅವಲಕ್ಕಿ, ಬೆಲ್ಲ, ಹುರಿಗಡಲೆ, ಚಿಕ್ಕಿ ಸಾಕು. ನಮ್ಮಮ್ಮ ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ ಡಬ್ಬಿಗೆ ಹಾಕಿದ್ದಾರೆ. ನೀರು ಬಿಟ್ಟರೆ ಊಟ ರೆಡಿ.

ಬೆಳಕಿಗೆ ತಲೆಗೆ ಕಟ್ಟೋ ಟಾರ್ಚ್, ಫೋನಿಗೆ ಪವರ್ ಬ್ಯಾಂಕ್ ಇರಲಿ. ಸುಮ್ಮನಿಟ್ಟ ಪವರ್ ಬ್ಯಾಂಕ್ ತಾನಾಗಿ ಇಳಿಯುತ್ತೆ, ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಒಂದು ಸೀಟಿಯೂ ಇರಲಿ. ಕೂಗಿ ಕೂಗಿ ಗಂಟಲು ಕಟ್ಟುತ್ತೆ, ಸೀಟಿ ಊದೋಕೆ ಅಷ್ಟು ಶಕ್ತಿ ಬೇಡ.

ಚೀಲದ ಮೇಲೊಂದು ಚೀಟಿ

ಕೆಲವು ವಸ್ತು ಚೀಲದಲ್ಲಿ ಇಡೋಕೇ ಆಗಲ್ಲ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಫೋನ್ ಕೈಯಲ್ಲೇ ಇರುತ್ತೆ, ಹಲ್ಲಿನ ಸೆಟ್ ಬಾತ್‌ರೂಮಿನಲ್ಲಿರುತ್ತೆ. ಅದಕ್ಕೇ ಚೀಲದ ಹೊರಗೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದ್ದೀವಿ: "ಫ್ರಿಜ್ ಬಾಗಿಲಲ್ಲಿ ಇನ್ಸುಲಿನ್. ಫೋನ್, ಚಾರ್ಜರ್. ಗ್ಯಾಸ್ ಆಫ್. ಮೇನ್ ಸ್ವಿಚ್ ಆಫ್." ಅಷ್ಟೇ. ಗಾಬರಿಯಲ್ಲಿ ತಲೆ ಓಡೋದಿಲ್ಲ, ಕಣ್ಣು ಓದುತ್ತೆ.

ಚೀಲ ಸಿದ್ಧ, ಹೊರಡೋದು ಯಾವಾಗ?

2023ರ ಅಕ್ಟೋಬರ್‌ನಲ್ಲಿ ನಮ್ಮೆಲ್ಲರ ಫೋನ್ ಒಟ್ಟಿಗೇ ಕಿರುಚಿದ್ದು ನೆನಪಿದೆಯಾ? ತುರ್ತು ಸಂದೇಶದ ಪರೀಕ್ಷೆ ಅದು. ಸಚೇತ್ ಅನ್ನೋ ಸರ್ಕಾರಿ ಆ್ಯಪ್ ಕೂಡ ಇದೆ, ನಿಮ್ಮ ಜಾಗದ ಎಚ್ಚರಿಕೆ ಅದರಲ್ಲಿ ಬರುತ್ತೆ. ಆದರೆ ಧರೆ ಕೆಳಗಿನ ಮನೆಯವರು ಫೋನಿಗಾಗಿ ಕಾಯಬಾರದು. ನೆಲದಲ್ಲಿ, ಗೋಡೆಯಲ್ಲಿ ಹೊಸ ಬಿರುಕು, ವಾಲಿದ ಮರ, ಕಂಬ, ತಿಳಿಯಾಗಿದ್ದ ಝರಿ ಏಕಾಏಕಿ ಕೆಂಪಾಗೋದು ಅಥವಾ ನಿಂತುಹೋಗೋದು, ಇಲ್ಲದ ಕಡೆ ಒರತೆ ಏಳೋದು, ಇದ್ದಕ್ಕಿದ್ದಂತೆ ಬಾಗಿಲು ಬಿಗಿಯಾಗೋದು, ಮಣ್ಣೊಳಗೆ ಗುಡುಗಿದಂಥ ಸದ್ದು. ಇದರಲ್ಲಿ ಯಾವುದು ಕಂಡರೂ ಹೊರಡಿ.

ನಮ್ಮ ಮನೆಯ ನಿಯಮ ಹೀಗಿದೆ: ಹವಾಮಾನ ಇಲಾಖೆ ಆರೆಂಜ್ ಅಂದರೆ ಚೀಲ ಬಾಗಿಲ ಹತ್ರ. ರೆಡ್ ಅಂದರೆ ಬೆಳಕಿರುವಾಗಲೇ ಅಪ್ಪ ಅಮ್ಮ ಪೇಟೆಯಲ್ಲಿರೋ ಚಿಕ್ಕಮ್ಮನ ಮನೆಗೆ. ರಾತ್ರಿ ನೋಡೋಣ ಅನ್ನೋ ಮಾತಿಲ್ಲ.

ಅಪ್ಪ ಅಮ್ಮನನ್ನು ಒಪ್ಪಿಸೋದು

ನಿಜವಾದ ಕಷ್ಟ ಇದೇ. ಮೊದಲ ಸಲ ಹೇಳಿದಾಗ ಅಮ್ಮ, "ದೀಪ ಹಚ್ಚೋ ಹೊತ್ತಲ್ಲಿ ಮನೆ ಬಿಡೋ ಮಾತಾ? ಬಿಡ್ತು ಅನ್ನು" ಅಂದರು. ಬಿಡ್ತು ಅಂದೆ. ಆಮೇಲೆ ಕೇಳಿದೆ, "ಅಕ್ಕನ ಬಾಣಂತನಕ್ಕೆ ಎಂಟನೇ ತಿಂಗಳಲ್ಲೇ ಆಸ್ಪತ್ರೆ ಬ್ಯಾಗ್ ತುಂಬಿಸಿ ಇಟ್ಟಿದ್ದೆಯಲ್ಲ. ಹಳೇ ಕಾಟನ್ ಸೀರೆ, ಫ್ಲಾಸ್ಕ್, ತಾಯಿ ಕಾರ್ಡ್. ಅದು ಅಪಶಕುನ ಆಯ್ತಾ?" ಅಮ್ಮ ಸುಮ್ಮನಾದರು. ಮಾರನೇ ದಿನ ತಾವೇ ಚೀಲ ಒಗೆದು ಹಾಕಿದರು. ಮಲೆನಾಡಲ್ಲಿ ಮಳೆಗಾಲಕ್ಕೆ ಮೊದಲು ಸೌದೆ ಒಟ್ಟೋದು, ಹಪ್ಪಳ, ಉಪ್ಪಿನಕಾಯಿ ಮಾಡಿಡೋದು ಯಾರಿಗೂ ಹೊಸದಲ್ಲ. ಇದೂ ಅದೇ ಪಟ್ಟಿಗೆ ಸೇರಿತು.

ಅಪ್ಪನದು ಬೇರೆ ಮಾತು. "ಅಲ್ಲ ಮಾರಾಯ್ತಿ, ಗೌರಿನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?" ಗೌರಿ ನಮ್ಮ ಹಸು. ವಾದ ಮಾಡೋ ಬದಲು ಹಸುವಿಗೇ ದಾರಿ ಹುಡುಕಿದೆವು. ಜೋರು ಮಳೆಯ ವಾರದಲ್ಲಿ ಅದು ಬಯಲಿನ ಕಡೆ ಇರೋ ಪಕ್ಕದ ಮನೆಯವರ ಕೊಟ್ಟಿಗೆಯಲ್ಲಿ. ಅಷ್ಟಕ್ಕೂ ಟೈಮ್ ಇಲ್ಲದಿದ್ದರೆ ಹಗ್ಗ ಬಿಚ್ಚಿ ಬಿಡೋದು. ನಾಯಿ ಜೊತೆಗೇ ಬರುತ್ತೆ. ಅವತ್ತಿನಿಂದ ಅಪ್ಪ ಚೀಲದ ಬಗ್ಗೆ ತಕರಾರು ಎತ್ತಿಲ್ಲ. ದೊಡ್ಡವರು ಹೊರಡಲ್ಲ ಅಂತ ಹಟ ಹಿಡಿದಾಗ, ಅವರು ಯಾರನ್ನು ಬಿಟ್ಟು ಹೊರಡೋಕಾಗಲ್ಲ ಅಂತ ಮೊದಲು ಕೇಳಿ.

ಮೇ ಕೊನೆಗೊಮ್ಮೆ, ಆಯುಧಪೂಜೆಯ ಕ್ಲೀನಿಂಗ್ ಹೊತ್ತಿಗೊಮ್ಮೆ ಚೀಲ ಸುರಿದು ನೋಡಿ. ಅವಲಕ್ಕಿ ತಿಂದು ಮುಗಿಸಿ, ಹೊಸದು ಹಾಕಿ. ಬೆಳೆಯೋ ಮಕ್ಕಳ ಬಟ್ಟೆ ಬದಲಾಯಿಸಿ.

ಇವತ್ತು ಸಂಜೆ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಆದ ಮೇಲೆ ಮೂರು ಪ್ರಶ್ನೆ ಕೇಳಿ. ಮಾತ್ರೆ ಎಲ್ಲಿದೆ? ಕಾಗದ ಪತ್ರ ಎಲ್ಲಿದೆ? ಹೊರಡಬೇಕಾದರೆ ಯಾರ ಮನೆಗೆ ಹೋಗ್ತೀರಿ? ಮೂರನೇದಕ್ಕೆ ಉತ್ತರ ತಡವಾದರೆ, ಚೀಲ ಹೊಲಿಸೋಕೆ ಮುಂಚೆ ಅದನ್ನೇ ತೀರ್ಮಾನ ಮಾಡಿಕೊಳ್ಳಿ.