ಸೌರ ನೀರು ಕಾಯಿಸುವ ಘಟಕಕ್ಕೆ ವಿದ್ಯುತ್ ಹೀಟರ್ ಅಳವಡಿಸುವ ಮುನ್ನ: ಗ್ರಾಮ ಪಂಚಾಯತಿ ಸದಸ್ಯರು ಗಮನಿಸಬೇಕಾದ ಅಂಶಗಳು



ಮಳೆಗಾಲ ಆರಂಭವಾಗುತ್ತಿದ್ದಂತೆ ಗ್ರಾಮ ಪಂಚಾಯತಿಗಳ ಸಾಮಾನ್ಯ ಸಭೆಯ ಮುಂದೆ ಒಂದು ಬೇಡಿಕೆ ಬರುವುದು ಸಾಮಾನ್ಯವಾಗಿದೆ. ವಿದ್ಯಾರ್ಥಿನಿಲಯದ ಛಾವಣಿಯ ಮೇಲಿನ ಸೋಲಾರ್ ವಾಟರ್ ಹೀಟರ್ ಮೋಡದ ದಿನಗಳಲ್ಲಿ ನೀರು ಕಾಯಿಸುತ್ತಿಲ್ಲ, ಮಕ್ಕಳು ತಣ್ಣೀರಿನಲ್ಲಿ ಸ್ನಾನ ಮಾಡುತ್ತಿದ್ದಾರೆ, ಆದುದರಿಂದ ಅದೇ ಟ್ಯಾಂಕಿಗೆ ವಿದ್ಯುತ್ ಕಾಯಿಲ್ ಜೋಡಿಸಿಕೊಡಬೇಕು ಎಂಬುದೇ ಆ ಬೇಡಿಕೆ. ಬೇಡಿಕೆಯು ನ್ಯಾಯಯುತವಾದುದೇ. ಆದರೆ ಕಾಯಿಲ್‌ನ ಬೆಲೆಯನ್ನು ಮಾತ್ರ ನೋಡಿ ಮಂಜೂರಾತಿ ನೀಡಿದಲ್ಲಿ, ತಂತಿ, ಭೂಸಂಪರ್ಕ ಹಾಗೂ ವಿದ್ಯುತ್ ಹೊರೆಯ ಪ್ರಶ್ನೆಗಳು ಬದಿಗೆ ಸರಿಯುತ್ತವೆ. ನೀರು, ವಿದ್ಯುತ್ ಮತ್ತು ಬರಿಗಾಲಿನ ಮಕ್ಕಳು ಒಂದೇ ಸ್ಥಳದಲ್ಲಿ ಸೇರುವ ಕಾಮಗಾರಿ ಇದಾದ್ದರಿಂದ, ಇಲ್ಲಿ ಆಗುವ ಲೋಪಕ್ಕೆ ಪ್ರಾಣವೇ ಬೆಲೆಯಾಗಬಹುದು. ಈ ಹಿನ್ನೆಲೆಯಲ್ಲಿ ಸದಸ್ಯರ ತಿಳಿವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಘಟಕವು ಕೆಲಸ ಮಾಡುವ ಬಗೆ

ಸೌರ ಘಟಕದಲ್ಲಿ ಬಿಸಿಲನ್ನು ಹೀರುವ ಫಲಕ ಅಥವಾ ಗಾಜಿನ ಕೊಳವೆಗಳು ಕೆಳಗೂ, ಶಾಖ ನಿರೋಧಕ ಹೊದಿಕೆಯ ಟ್ಯಾಂಕು ಮೇಲೂ ಇರುತ್ತವೆ. ಕಾದ ನೀರು ಹಗುರಾಗಿ ತಾನಾಗಿಯೇ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಇದಕ್ಕೆ ಪಂಪು ಬೇಕಿಲ್ಲ. ವಿದ್ಯುತ್ ಹೀಟರ್ ಎಂದರೆ ಈ ಟ್ಯಾಂಕಿನೊಳಗೆ ಕೂರಿಸುವ ಕಾಯಿಲ್ ಮತ್ತು ಅದನ್ನು ನಿಯಂತ್ರಿಸುವ ಥರ್ಮೋಸ್ಟಾಟ್. ಬಿಸಿನೀರು ಮೇಲಕ್ಕೆ ಸರಿಯುವ ಕಾರಣ, ಕಾಯಿಲ್ ಇರುವ ಮಟ್ಟಕ್ಕಿಂತ ಮೇಲಿನ ನೀರು ಮಾತ್ರ ಚೆನ್ನಾಗಿ ಕಾಯುತ್ತದೆ. ಆದುದರಿಂದ 1,000 ಲೀಟರ್ ಟ್ಯಾಂಕಿನ ನಡುಮಟ್ಟದಲ್ಲಿ ಕೂರಿಸಿದ ಕಾಯಿಲ್‌ನಿಂದ ಸುಮಾರು 500 ಲೀಟರ್ ಬಿಸಿನೀರನ್ನಷ್ಟೇ ನಿರೀಕ್ಷಿಸಬೇಕು.

ಕಾಯಿಲ್ ಕೂರಿಸಲು ತಯಾರಕರೇ ಕಿಂಡಿ ಬಿಟ್ಟಿರುವ ಟ್ಯಾಂಕುಗಳಿಗೆ ಮಾತ್ರ ಇದನ್ನು ಅಳವಡಿಸಬೇಕು. ಟ್ಯಾಂಕನ್ನು ಕೊರೆದು ಬೆಸುಗೆ ಹಾಕಿದರೆ ಒಳಲೇಪನ ಹಾಳಾಗಿ ಸೋರಿಕೆ ಆರಂಭವಾಗುತ್ತದೆ.

2. ಮೊದಲು ದುರಸ್ತಿ, ಅನಂತರ ಹೀಟರ್

ನೀರು ಕಾಯದಿರಲು ಮೋಡವೊಂದೇ ಕಾರಣವಾಗಿರಬೇಕಿಲ್ಲ. ಫಲಕದ ಮೇಲಿನ ಧೂಳು, ಒಡೆದ ಗಾಜಿನ ಕೊಳವೆ, ಬೆಳೆದ ಮರದ ನೆರಳು, ಹೊದಿಕೆ ಕಳಚಿದ ಬಿಸಿನೀರಿನ ಪೈಪು, ಸೋರುವ ನಲ್ಲಿ ಇವುಗಳನ್ನು ಮೊದಲು ಪರಿಶೀಲಿಸಬೇಕು. ಕೊಳವೆಬಾವಿಯ ಗಡಸು ನೀರು ಬಳಸುವ ಕಡೆ ಫಲಕದ ಪೈಪುಗಳಲ್ಲಿ ಸುಣ್ಣದಂತಹ ಪದರ ಕಟ್ಟಿ ನೀರಿನ ಹರಿವೇ ನಿಂತಿರುವುದುಂಟು. ಬಿಸಿಲಿರುವ ದಿನವೂ ನೀರು ಕಾಯುತ್ತಿಲ್ಲವೆಂದಾದರೆ ಬೇಕಾಗಿರುವುದು ಹೀಟರ್ ಅಲ್ಲ, ದುರಸ್ತಿ.

3. ಎಷ್ಟು ವಿದ್ಯುತ್, ಎಷ್ಟು ಹೊತ್ತು?

500 ಲೀಟರ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 11.6 ಯೂನಿಟ್ ವಿದ್ಯುತ್ ಬೇಕು. 3 ಕಿಲೋವ್ಯಾಟ್ ಕಾಯಿಲ್‌ಗೆ ಇದು ಹೆಚ್ಚುಕಡಿಮೆ 4 ಗಂಟೆಯ ಕೆಲಸ. ಮಳೆಗಾಲದ 90 ದಿನಗಳಲ್ಲಿ ಪ್ರತಿದಿನವೂ ಬಳಸಿದರೆ ಸುಮಾರು 1,050 ಯೂನಿಟ್ ಆಗುತ್ತದೆ. ಈ ಬಿಲ್ಲನ್ನು ಯಾರು, ಯಾವ ಲೆಕ್ಕಶೀರ್ಷಿಕೆಯಿಂದ ಭರಿಸುವರು ಎಂಬುದು ಮಂಜೂರಾತಿಗೆ ಮುನ್ನವೇ ಇತ್ಯರ್ಥವಾಗಬೇಕು.

ಗ್ರಾಮಗಳಲ್ಲಿ ವೋಲ್ಟೇಜ್ ಕುಸಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 230 ವೋಲ್ಟ್ ಇರಬೇಕಾದಲ್ಲಿ 180 ವೋಲ್ಟ್ ಮಾತ್ರ ಬಂದರೆ, ಕಾಯಿಲ್ ತನ್ನ ಸಾಮರ್ಥ್ಯದ ಶೇ. 61ರಷ್ಟನ್ನು ಮಾತ್ರ ನೀಡುತ್ತದೆ. 4 ಗಂಟೆಯ ಕೆಲಸ 6 ಗಂಟೆಯನ್ನು ಮೀರುತ್ತದೆ. ಇದು ಕಾಯಿಲ್‌ನ ದೋಷವಲ್ಲ. ಇಂತಹ ಕಡೆ ಇನ್ನೂ ದೊಡ್ಡ ಕಾಯಿಲ್ ಹಾಕಿಸಿದರೆ ವೋಲ್ಟೇಜ್ ಮತ್ತಷ್ಟು ಕುಸಿಯುವುದೇ ಹೊರತು ಪರಿಹಾರ ದೊರೆಯುವುದಿಲ್ಲ.

4. ಮಂಜೂರಾದ ಹೊರೆ ಮತ್ತು ತಂತಿ

ಒಂದು ಉದಾಹರಣೆಯನ್ನು ಗಮನಿಸೋಣ. ಒಂದು ವಿದ್ಯಾರ್ಥಿನಿಲಯದಲ್ಲಿ 9 ವ್ಯಾಟಿನ 40 ಬಲ್ಬು, 75 ವ್ಯಾಟಿನ 20 ಫ್ಯಾನು ಹಾಗೂ 1 ಅಶ್ವಶಕ್ತಿಯ ಮೋಟಾರು ಇವೆ ಎಂದಿಟ್ಟುಕೊಳ್ಳೋಣ. ಒಟ್ಟು ಹೊರೆ ಸುಮಾರು 2,600 ವ್ಯಾಟ್. ಮಂಜೂರಾದ ಹೊರೆ 3 ಕಿಲೋವ್ಯಾಟ್ ಇದ್ದರೆ ಸಾಕು. ಇದಕ್ಕೆ 3 ಕಿಲೋವ್ಯಾಟ್ ಹೀಟರ್ ಸೇರಿದೊಡನೆ ಹೊರೆಯು 5,600 ವ್ಯಾಟ್ ಆಗಿ, ಮುಖ್ಯ ತಂತಿಯಲ್ಲಿ ಹರಿಯುವ ವಿದ್ಯುತ್ ಸುಮಾರು 11 ಆಂಪಿಯರ್‌ನಿಂದ 24 ಆಂಪಿಯರ್‌ಗೆ ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಆಂಪಿಯರ್‌ನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಹರಿವು ಎರಡು ಪಟ್ಟಾದರೆ ಶಾಖವು ನಾಲ್ಕು ಪಟ್ಟಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ಮೀಟರ್ ಬೋರ್ಡು ಕರಕಲಾಗುವುದಕ್ಕೆ ಇದು ಮುಖ್ಯ ಕಾರಣ.

ಆದುದರಿಂದ ಹೆಚ್ಚುವರಿ ಹೊರೆಗೆ ವಿದ್ಯುತ್ ಸರಬರಾಜು ಕಂಪನಿಗೆ ಮೊದಲೇ ಅರ್ಜಿ ಸಲ್ಲಿಸಬೇಕು. ಹೀಟರ್‌ಗೆ ವಿತರಣಾ ಪೆಟ್ಟಿಗೆಯಿಂದಲೇ ಪ್ರತ್ಯೇಕ ತಂತಿ ಎಳೆಯಬೇಕು; ಬಲ್ಬು, ಫ್ಯಾನುಗಳ ತಂತಿಗೆ ಕೂಡಿಸುವುದು ಸಲ್ಲದು. 3 ಕಿಲೋವ್ಯಾಟ್ ಹೀಟರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಛಾವಣಿಯವರೆಗಿನ ದೂರವನ್ನು ಪರಿಗಣಿಸಿ 4 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಗೂ ಅದಕ್ಕೆ ಹೊಂದುವ ಪ್ರತ್ಯೇಕ ಎಂ.ಸಿ.ಬಿ. ಅಳವಡಿಸುವುದು ಸೂಕ್ತ. ಎಂ.ಸಿ.ಬಿ. ಇರುವುದು ತಂತಿಯ ರಕ್ಷಣೆಗಾಗಿ. ಅದು ಪದೇ ಪದೇ ಬೀಳುತ್ತಿದೆ ಎಂದು ದೊಡ್ಡ ಎಂ.ಸಿ.ಬಿ. ಹಾಕುವುದಾಗಲಿ, ಫ್ಯೂಸಿಗೆ ದಪ್ಪ ತಂತಿ ಸುತ್ತುವುದಾಗಲಿ ಬೆಂಕಿಗೆ ಆಹ್ವಾನ ನೀಡಿದಂತೆ. ಛಾವಣಿಯ ಮೇಲಿನ ತಂತಿಯು ಕೊಳವೆಯೊಳಗೆ ಸಾಗಬೇಕು. ಜೋಡಣೆಯ ಪೆಟ್ಟಿಗೆಯು ಮಳೆನೀರು ಒಳಸೇರದಂಥದ್ದಾಗಿರಬೇಕು.

5. ಭೂಸಂಪರ್ಕ ಮತ್ತು ಆರ್.ಸಿ.ಸಿ.ಬಿ.

ಈ ಕಾಮಗಾರಿಯಲ್ಲಿ ಪ್ರಾಣರಕ್ಷಣೆಗೆ ನೇರವಾಗಿ ಸಂಬಂಧಿಸಿದ ಭಾಗವಿದು. ಕಾಯಿಲ್‌ನ ಹೊರಕವಚ ಸವೆದು ಬಿರುಕು ಬಿಟ್ಟಾಗ ವಿದ್ಯುತ್ ನೀರಿಗೂ, ಅಲ್ಲಿಂದ ಟ್ಯಾಂಕು, ಲೋಹದ ಪೈಪು ಮತ್ತು ನಲ್ಲಿಗಳಿಗೂ ಸೋರುತ್ತದೆ. ಸೋರಿಕೆಯ ಪ್ರಮಾಣ ಅತ್ಯಲ್ಪವಾದರೂ ಒದ್ದೆ ಮೈಗೆ ಅದು ಮಾರಕವಾಗಬಹುದು. ಆದರೆ 16 ಆಂಪಿಯರ್‌ನ ಎಂ.ಸಿ.ಬಿ.ಗೆ ಈ ಸೋರಿಕೆ ಗೊತ್ತೇ ಆಗುವುದಿಲ್ಲ. ಹೋಗುವ ಮತ್ತು ಮರಳುವ ವಿದ್ಯುತ್ತಿನ ವ್ಯತ್ಯಾಸವನ್ನು ಅಳೆದು, ಕ್ಷಣಮಾತ್ರದಲ್ಲಿ ಸಂಪರ್ಕ ಕಡಿಯುವ ಸಾಧನವೇ ಆರ್.ಸಿ.ಸಿ.ಬಿ. 30 ಮಿಲಿಆಂಪಿಯರ್ ಮಟ್ಟದ ಆರ್.ಸಿ.ಸಿ.ಬಿ. ಇಲ್ಲದ ಅಂದಾಜು ಪಟ್ಟಿಯನ್ನು ಸಭೆಯು ಅನುಮೋದಿಸಬಾರದು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಸಂಪರ್ಕ ಕಡಿಯುವುದೇ ಎಂದು ನೋಡಬೇಕು.

ಇದರೊಂದಿಗೆ ಟ್ಯಾಂಕಿನ ಲೋಹದ ಭಾಗಕ್ಕೆ ಸಮರ್ಪಕ ಭೂಸಂಪರ್ಕವಿರಬೇಕು. ಭೂಸಂಪರ್ಕದ ಗುಂಡಿ ಒಣಗಿದ್ದರೆ ಅಥವಾ ತಂತಿ ತುಂಡಾಗಿದ್ದರೆ ಅದು ಇದ್ದೂ ಇಲ್ಲದಂತೆ. ಉಪಕರಣದಿಂದ ಅಳತೆ ಮಾಡಿಸಿ ದಾಖಲಿಸಬೇಕು. ಕೆಲವೆಡೆ ಅರ್ಥಿಂಗ್ ಇಲ್ಲದಿದ್ದಾಗ ನ್ಯೂಟ್ರಲ್ ತಂತಿಯನ್ನೇ ಸಾಕೆಟ್ಟಿನ ಅರ್ಥಿಂಗ್ ಪಿನ್ನಿಗೆ ಸೇರಿಸುವ ರೂಢಿಯಿದೆ. ಇದು ಅತ್ಯಂತ ಅಪಾಯಕಾರಿ. ನ್ಯೂಟ್ರಲ್ ಎಲ್ಲಿಯಾದರೂ ಕಡಿದುಹೋದರೆ ಇಡೀ ಟ್ಯಾಂಕಿನ ಮೈಯಲ್ಲಿ ವಿದ್ಯುತ್ ಹರಿಯುತ್ತದೆ.

6. ಬಳಕೆಯ ಶಿಸ್ತು

ಹಗಲಿನಲ್ಲಿ ಹೀಟರ್ ಹಾಕಿದರೆ ಬಿಸಿಲು ಮಾಡಬೇಕಾದ ಕೆಲಸವನ್ನು ವಿದ್ಯುತ್ ಮಾಡಿದಂತಾಗಿ ಸೌರ ಘಟಕ ನಿಷ್ಪ್ರಯೋಜಕವಾಗುತ್ತದೆ. ಸಂಜೆ ನೀರಿನ ಬಿಸಿಯನ್ನು ನೋಡಿ, ಸಾಲದಿದ್ದರೆ ಮಾತ್ರ ಹಾಕಬೇಕು. ಮೋಟಾರು ಮತ್ತು ಹೀಟರ್ ಒಟ್ಟಿಗೆ ನಡೆಯದಂತೆ ವೇಳೆ ನಿಗದಿಪಡಿಸಬೇಕು. 60 ಡಿಗ್ರಿಯ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡಬಲ್ಲದಾದ್ದರಿಂದ, ತಣ್ಣೀರು ಬೆರೆಸುವ ವ್ಯವಸ್ಥೆ ಕಡ್ಡಾಯವಾಗಿರಲಿ. ಟ್ಯಾಂಕಿನಲ್ಲಿ ನೀರಿಲ್ಲದಾಗ ಹೀಟರ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಟ್ಯಾಂಕಿನ ಗಾಳಿಕೊಳವೆಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಸ್ವಿಚ್ಚು ನಿಲಯಪಾಲಕರ ಸುಪರ್ದಿನಲ್ಲಿ, ಸ್ನಾನಗೃಹದ ಹೊರಗೆ ಇರಬೇಕು.

7. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

(ಅ) ಕಟ್ಟಡವು ಯಾವ ಇಲಾಖೆಗೆ ಸೇರಿದೆ? ಆ ಇಲಾಖೆಯ ಲಿಖಿತ ಒಪ್ಪಿಗೆ ಇದೆಯೇ?
(ಆ) ಮಂಜೂರಾದ ಹೊರೆ ಎಷ್ಟು? ಹೆಚ್ಚುವರಿ ಹೊರೆಗೆ ಅರ್ಜಿ ಸಲ್ಲಿಸಲಾಗಿದೆಯೇ?
(ಇ) ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ತಂತಿ, ಎಂ.ಸಿ.ಬಿ., ಆರ್.ಸಿ.ಸಿ.ಬಿ. ಮತ್ತು ಭೂಸಂಪರ್ಕದ ವೆಚ್ಚ ಸೇರಿದೆಯೇ?
(ಈ) ಕಾಯಿಲ್ ಮತ್ತು ತಂತಿಯ ಮೇಲೆ ಐ.ಎಸ್.ಐ. ಮುದ್ರೆ ಇದೆಯೇ?
(ಉ) ಕೆಲಸ ಮಾಡುವವರು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರೇ?

ಕೊನೆಯ ಪ್ರಶ್ನೆ ಕೇವಲ ಔಪಚಾರಿಕವಲ್ಲ. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳ ಪ್ರಕಾರ, ಬಲ್ಬು, ಫ್ಯಾನು, ಸ್ವಿಚ್ಚುಗಳಂತಹ ಬದಲಾವಣೆಗಳನ್ನು ಹೊರತುಪಡಿಸಿ, ವಿದ್ಯುತ್ ಸ್ಥಾವರದ ಸಾಮರ್ಥ್ಯವನ್ನು ಬದಲಿಸುವ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕು. ಪರಿಚಯದ ಮೆಕ್ಯಾನಿಕ್ ಕಡಿಮೆ ಬೆಲೆಗೆ ಮಾಡಿಕೊಡುತ್ತಾರೆ ಎಂಬುದು ಇಲ್ಲಿ ಒಪ್ಪತಕ್ಕ ಕಾರಣವಲ್ಲ. ಕೆಲಸ ಮುಗಿದ ನಂತರ ಪರೀಕ್ಷಾ ವರದಿಯನ್ನು ಪಡೆದು ಕಡತದಲ್ಲಿರಿಸಿದ ಬಳಿಕವೇ ಬಿಲ್ಲು ಪಾವತಿಸಬೇಕು.

8. ಅವಘಡ ಸಂಭವಿಸಿದಲ್ಲಿ

ನಲ್ಲಿ ಮುಟ್ಟಿದಾಗ ಜುಮ್ಮೆನ್ನುತ್ತದೆ ಎಂದು ಒಬ್ಬ ವಿದ್ಯಾರ್ಥಿ ಹೇಳಿದರೂ ಸಾಕು, ಅಂದೇ ಹೀಟರ್ ನಿಲ್ಲಿಸಿ ಪರೀಕ್ಷಿಸಬೇಕು. ಯಾರಿಗಾದರೂ ವಿದ್ಯುತ್ ತಗುಲಿದ್ದರೆ ಅವರನ್ನು ಬರಿಗೈಯಿಂದ ಮುಟ್ಟದೆ ಮೊದಲು ಮೈನ್ ಸ್ವಿಚ್ ಆರಿಸಬೇಕು; ಅದು ಸಾಧ್ಯವಾಗದಿದ್ದಲ್ಲಿ ಒಣಗಿದ ಮರದ ಕೋಲಿನಿಂದ ಬೇರ್ಪಡಿಸಿ 108ಕ್ಕೆ ಕರೆ ಮಾಡಬೇಕು. ವಿದ್ಯುತ್ ಕಂಪನಿಯ ದೂರು ಸಂಖ್ಯೆ 1912. ಈ ಎರಡೂ ಸಂಖ್ಯೆಗಳನ್ನು ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಬರೆಸುವುದು.

ಮಕ್ಕಳಿಗೆ ಬಿಸಿನೀರು ಒದಗಿಸುವುದು ಸದಸ್ಯರ ಕಾಳಜಿಯನ್ನು ತೋರುತ್ತದೆ. ಆ ನೀರು ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವುದು ಅವರ ಹೊಣೆ. ಈಗಾಗಲೇ ಹೀಟರ್ ಅಳವಡಿಸಿರುವ ಕಟ್ಟಡಗಳಲ್ಲಿಯೂ ಮೇಲ್ಕಂಡ ಅಂಶಗಳನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರೊಂದಿಗೆ ಖುದ್ದಾಗಿ ಪರಿಶೀಲಿಸಿ, ಕಂಡುಬಂದ ನ್ಯೂನತೆಗಳನ್ನು ಮುಂದಿನ ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸಿ, ಸರಿಪಡಿಸಲು ಕ್ರಮವಹಿಸುವಂತೆ ಸದಸ್ಯರನ್ನು ಕೋರಲಾಗಿದೆ.